ಲಾಡಿ, ಬೋಲ್ಟು ಮತ್ತು ಬಲೂನು

ಬಿಸಿಗಾಳಿ ಬಲೂನಿಗೆ ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ, ರಿವರ್ಸ್ ಗೇರಂತೂ ಇಲ್ಲವೇ ಇಲ್ಲ. ಪೈಲಟ್ ಕೈಯಲ್ಲಿರೋದು ಮುಖ್ಯವಾಗಿ ಎರಡೇ ಕೆಲಸ. ಬರ್ನರ್ ಹೊತ್ತಿಸಿದರೆ ಮೇಲೆ, ನೆತ್ತಿಯಿಂದ ಬಿಸಿಗಾಳಿ ಬಿಟ್ಟರೆ ಕೆಳಗೆ. ಎತ್ತರ ಬದಲಾದ ಹಾಗೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತವೆ. ತನಗೆ ಬೇಕಾದ ಕಡೆ ಹೋಗುವ ಗಾಳಿ ಎಷ್ಟು ಎತ್ತರದಲ್ಲಿದೆ ಅಂತ ಹುಡುಕಿ ಅದರ ಬೆನ್ನೇರೋದೇ ಅವನ ವಿದ್ಯೆ.

ಇದನ್ನು ಫೋಟೋ ತೆಗೆಯುವವರ ಕಡೆಯಿಂದ ಸ್ವಲ್ಪ ಯೋಚಿಸಿ. ನಾವು ಕಲಿತಿರೋದರಲ್ಲಿ ಅರ್ಧ ಕಾಲಿನ ವಿದ್ಯೆ. ಎರಡು ಹೆಜ್ಜೆ ಹಿಂದೆ ಹೋಗು, ಕೂತ್ಕೋ, ಆ ಕಂಬ ಅಡ್ಡ ಬರ್ತಿದೆ, ಸ್ವಲ್ಪ ಎಡಕ್ಕೆ ಸರಿ. ಬಲೂನಿನ ಬುಟ್ಟಿಯಲ್ಲಿ ಇದ್ಯಾವುದೂ ನಡೆಯಲ್ಲ. ಪ್ರವಾಸಿಗಳ ದೊಡ್ಡ ಬುಟ್ಟಿಯನ್ನು ಮೊಟ್ಟೆ ಟ್ರೇ ಥರ ಖಾನೆ ಖಾನೆ ಮಾಡಿರ್ತಾರೆ. ನಿಮ್ಮ ಖಾನೆಯಲ್ಲಿ ನಾಲ್ಕೈದು ಜನ. ಟ್ರೈಪಾಡ್ ಬಿಚ್ಚೋಕೆ ಜಾಗ ಇಲ್ಲ. ಲೆನ್ಸ್ ಬದಲಾಯಿಸೋಣ ಅಂದರೆ ಕೈ ಜಾರಿದ್ದು ಕೆಳಗಿರೋರ ತಲೆ ಮೇಲೆ. ‘ಇನ್ನೊಂದು ಸಲ ಅಲ್ಲಿಗೆ ಹೋಗಿ’ ಅನ್ನೋ ಹಾಗಿಲ್ಲ. ಬೆಳಕೋ, ಸೂರ್ಯ ಹುಟ್ಟುವ ಮುಂಚಿನದು, ಅಂದರೆ ಕ್ಯಾಮೆರಾಗೆ ಅತ್ಯಂತ ಕಷ್ಟದ್ದು. ಒಟ್ಟು ಟೈಮು ಹೆಚ್ಚುಕಮ್ಮಿ ಒಂದು ಗಂಟೆ.

ಹೋದ ಅಕ್ಟೋಬರಿನಲ್ಲಿ ಅಮ್ಮನ ಜತೆ ಟರ್ಕಿಯ ಕಪಡೋಕಿಯಾಕ್ಕೆ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಈ ಲೆಕ್ಕವೇ.

ಅಮ್ಮನ ವಿಷಯ ಮೊದಲೇ ಹೇಳಿಬಿಡ್ತೀನಿ. ವಯಸ್ಸು 63, ಎತ್ತರ ನಾಲ್ಕಡಿ ಹತ್ತಿಂಚು, ರಿಟೈರ್ಡ್ ಮೇಷ್ಟ್ರಮ್ಮ. ಆರು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಎಡಗಣ್ಣಿಗೆ ಶುಗರ್ ಹತೋಟಿಗೆ ಬರಲಿ ಅಂದರು ಡಾಕ್ಟರು. ಸಕ್ಕರೆ ಕಾಯಿಲೆ ರೆಟಿನಾವನ್ನೂ ಸ್ವಲ್ಪ ಮುಟ್ಟಿದೆ, ಮುಂದೆ ಹೇಗಾಗುತ್ತೋ ನೋಡ್ತಾ ಇರಬೇಕು ಅಂತಲೂ ಹೇಳಿದರು. ಆಟೋದಲ್ಲಿ ಮನೆಗೆ ಬರುವಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, “ಕಾಣೋವಾಗ್ಲೇ ಎಲ್ಲಾದ್ರೂ ದೂರ ಹೋಗಿ ನೋಡ್ಬಿಡೋಣ ಕಣೇ” ಅಂದರು. ನಾನು ಲೀವ್ ಹಾಕಿದೆ.

ಬಲೂನಿನಿಂದ ಫೋಟೋ ತೆಗೆಯೋದು ಶುರುವಾಗಿದ್ದೇ ಇಂಥ ‘ಇದ್ದಿದ್ದರಲ್ಲೇ ಏನಾದ್ರೂ ಮಾಡು’ ಅನ್ನೋ ದಾರಿಯಲ್ಲಿ. 1858ರಲ್ಲಿ ನಾಡಾರ್ ಅನ್ನೋ ಫ್ರೆಂಚ್ ಫೋಟೋಗ್ರಾಫರ್ ಪ್ಯಾರಿಸ್ ಹತ್ತಿರ ಹಗ್ಗ ಕಟ್ಟಿದ ಬಲೂನಿನಲ್ಲಿ ಮೇಲೆ ಹೋದ. ಅದು ಬಿಸಿಗಾಳಿಯದಲ್ಲ, ಗ್ಯಾಸ್ ಬಲೂನು. ಆಗಿನ ಗಾಜಿನ ಪ್ಲೇಟಿಗೆ ರಾಸಾಯನಿಕ ಸವರಿ, ಅದು ಒಣಗೋ ಮುಂಚೆ ಫೋಟೋ ತೆಗೆದು, ತೊಳೆದೂ ಮುಗಿಸಬೇಕಿತ್ತು. ಹಾಗಾಗಿ ಅವನು ಬುಟ್ಟಿಯೊಳಗೇ ಬಟ್ಟೆ ಕಟ್ಟಿ ಡಾರ್ಕ್‌ರೂಮ್ ಮಾಡಿಕೊಂಡಿದ್ದ. ಆದರೂ ಸಲಸಲವೂ ಪ್ಲೇಟು ಕಪ್ಪಾಗಿಯೇ ಬರ್ತಿತ್ತು. ಕಾರಣ ಕ್ಯಾಮೆರಾದಲ್ಲಿರಲಿಲ್ಲ. ತಲೆ ಮೇಲಿನ ಬಲೂನಿನ ಬಾಯಿಂದ ಸೋರುತ್ತಿದ್ದ ಗ್ಯಾಸು ರಾಸಾಯನಿಕವನ್ನು ಕೆಡಿಸುತ್ತಿತ್ತು. ಬಾಯಿ ಮುಚ್ಚಿಕೊಂಡು ಹಾರಿದ ದಿನ ಚಿತ್ರ ಮೂಡಿತು. ಆ ಫೋಟೋ ಈಗ ಉಳಿದಿಲ್ಲ. ಉಳಿದಿರೋದರಲ್ಲಿ ಅತಿ ಹಳೆಯದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಎಂಬಾತ 1860ರ ಅಕ್ಟೋಬರ್ 13ರಂದು ಅಮೆರಿಕದ ಬಾಸ್ಟನ್ ಊರಿನ ಮೇಲಿಂದ ತೆಗೆದದ್ದು. ಅವತ್ತು ತೆಗೆದ ಪ್ಲೇಟುಗಳಲ್ಲಿ ಚೆನ್ನಾಗಿ ಬಂದಿದ್ದು ಒಂದೇ.

ನಾಡಾರ್ ಕಥೆಯಲ್ಲಿ ನನಗೆ ಹಿಡಿಸಿದ್ದು ಧೈರ್ಯಕ್ಕಿಂತ ಆ ಬಾಯಿ ಮುಚ್ಚುವ ಉಪಾಯ. ಹೊಸ ಕ್ಯಾಮೆರಾ ತರಲಿಲ್ಲ, ಹೊಸ ಪ್ಲೇಟು ತರಲಿಲ್ಲ. ಎಲ್ಲಿ ಸೋರ್ತಿದೆ ಅಂತ ನೋಡಿ ಅದನ್ನು ಮುಚ್ಚಿದ, ಅಷ್ಟೇ.

ನಾನು ತಯಾರಿ ಶುರುಮಾಡಿದ್ದು ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ. ಬೆಳಗಿನ ಐದೂಮುಕ್ಕಾಲಿಗೆ ಹೋಗಿ ಒಂದೇ ಒಂದು ಟೈಲ್ ಆರಿಸಿಕೊಂಡು ಅದರ ಮೇಲೆ ನಿಲ್ಲೋದು. ಒಂದು ಗಂಟೆ ಕಾಲು ಕದಲಿಸೋ ಹಾಗಿಲ್ಲ. ಒಂದೇ ಲೆನ್ಸು. ಕಣ್ಣಿಗೆ ಸಿಕ್ಕಿದ್ದೇ ಫೋಟೋ. ಮೊದಲ ದಿನ ಸಿಕ್ಕಿದ್ದು ಸಿಂಟೆಕ್ಸ್ ಟ್ಯಾಂಕುಗಳು, ಸೋಲಾರ್ ಹೀಟರುಗಳು, ಒಂದು ಒಣಹಾಕಿದ ಪಂಚೆ. ಮೂರನೇ ದಿನ ಅದೇ ಜಾಗದಲ್ಲಿ ಟ್ಯಾಂಕಿನ ಮೇಲೆ ಹದ್ದು ಬಂದು ಕೂತದ್ದು, ಪಂಚೆಯ ಹಿಂದೆ ಸೂರ್ಯ ಬಂದು ಅದು ಪರದೆ ಥರ ಹೊಳೆದದ್ದು, ಎದುರು ಬಿಲ್ಡಿಂಗಿನ ಗಾಜಿನಲ್ಲಿ ನಮ್ಮ ಬಿಲ್ಡಿಂಗ್ ಕೆಂಪಾದದ್ದು ಕಾಣಿಸಿತು. ಕಾಲು ನಿಂತ ಮೇಲೆ ಕಣ್ಣು ಓಡಾಡೋಕೆ ಶುರುಮಾಡುತ್ತೆ.

ಕಾಫಿ ಹಿಡ್ಕೊಂಡು ಮೇಲೆ ಬಂದ ಅಮ್ಮ, “ಒಂದೇ ಕಡೆ ನಿಂತ್ಕೊಂಡು ಏನೇ ಮಾಡ್ತಿದ್ದೀಯ? ಯಾವುದಾದ್ರೂ ವ್ರತಾನಾ?” ಅಂದರು. ಆಮೇಲೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ಆ ಪಂಚೆ ನೋಡಿದರು. “ಬಲಗಣ್ಣಲ್ಲಿ ಬೆಳ್ಳಗಿದೆ. ಎಡಗಣ್ಣಲ್ಲಿ ಟೀ ಸೋಸೋ ಬಟ್ಟೆ ಇದ್ದ ಹಾಗಿದೆ.”

ಇದು ಬರೀ ಉಪಮೆ ಅಲ್ಲ. ವಯಸ್ಸಾದ ಹಾಗೆ ಕಣ್ಣಿನೊಳಗಿನ ಲೆನ್ಸು ಹಳದಿ ತಿರುಗಿ, ಬೆಳಕಿನ ನೀಲಿ ಭಾಗವನ್ನು ತಡೆಯುತ್ತೆ. ಆಪರೇಷನ್ ಮಾಡಿ ತಿಳಿ ಲೆನ್ಸು ಕೂರಿಸಿದ ಮೇಲೆ ಆ ನೀಲಿ ವಾಪಸ್ ಬರುತ್ತೆ. ಅಂದರೆ ಅಮ್ಮನ ಮುಖದಲ್ಲಿ ಆಗ ಎರಡು ವೈಟ್ ಬ್ಯಾಲೆನ್ಸ್ ಇದ್ದವು. ನನ್ನ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಡೇಲೈಟಿಗೆ ಇಟ್ಟುಬಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಆಟೋದಲ್ಲಿಟ್ಟರೆ ಕ್ಯಾಮೆರಾ ತಾನೇ ಜಾಣತನ ತೋರಿಸಿ ಬೆಳಗಿನ ಕೇಸರಿಯನ್ನು ‘ಸರಿ’ ಮಾಡಿ ಬೆಳ್ಳಗೆ ಮಾಡಿಬಿಡುತ್ತೆ. ಮುಂಜಾನೆ ಬಣ್ಣ ಬೇಕು ಅನ್ನೋರು ಆ ಜಾಣತನ ನಿಲ್ಲಿಸಬೇಕು.

ಮುಂದಿನ ಪ್ರಶ್ನೆ ಕೈ ನಡುಕದ್ದು. ಟ್ರೈಪಾಡ್ ಇಲ್ಲದೆ ಕ್ಯಾಮೆರಾ ಗಟ್ಟಿ ಹಿಡಿಯೋಕೆ ಫೋಟೋಗ್ರಾಫರುಗಳಲ್ಲಿ ಹಳೇ ಉಪಾಯ ಒಂದಿದೆ: ದಾರದ ಟ್ರೈಪಾಡ್. ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕಾಲಿಂಚಿನ ಬೋಲ್ಟ್ ತಗೊಂಡೆ. ಕ್ಯಾಮೆರಾ ತಳದ ಟ್ರೈಪಾಡ್ ತೂತಿನ ಮರೆ ಇದೇ ಅಳತೆಯದು. ಬೋಲ್ಟ್ ಗಿಡ್ಡ ಇರಬೇಕು, ಉದ್ದ ಇದ್ದು ಬಿಗಿ ಮಾಡಿದರೆ ಒಳಗೆ ಒತ್ತಿ ಕೆಡಿಸುತ್ತೆ. ಬೋಲ್ಟಿಗೆ ಕಟ್ಟೋಕೆ ದಾರ ಹುಡುಕುತ್ತಿದ್ದಾಗ ಅಮ್ಮ ಕಪಾಟಿನಿಂದ ಲಂಗದ ಲಾಡಿ ತೆಗೆದುಕೊಟ್ಟರು. “ಇದು ಕಿತ್ತು ಬರಲ್ಲ, ತಗೋ.” ಲಾಡಿಯ ಇನ್ನೊಂದು ತುದಿಗೆ ಕುಣಿಕೆ ಮಾಡಿ ಅದರೊಳಗೆ ಪಾದ ಇಟ್ಟು, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯೋದು. ಲಾಡಿ ಬಿಗಿಯಾದಾಗ ಕ್ಯಾಮೆರಾ ಮೇಲೆ ಕೆಳಗೆ ಆಡೋದು ಬಹಳ ಕಡಿಮೆಯಾಗುತ್ತೆ. ಟೆರೇಸಿನಲ್ಲಿ ಪರೀಕ್ಷೆ ಮಾಡಿದೆ. ಬರಿಗೈಯಲ್ಲಿ ಸೆಕೆಂಡಿನ 1/60ಕ್ಕೆ ಅಲುಗುತ್ತಿದ್ದ ಫೋಟೋ, ಲಾಡಿ ಕಟ್ಟಿದ ಮೇಲೆ 1/15ರಲ್ಲೂ ಹೆಚ್ಚಿನ ಸಲ ನಿಂತಿತು.

ಕಾಲುಚೀಲಕ್ಕೆ ಅಕ್ಕಿ ತುಂಬಿ ಕಟ್ಟೆ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಊರೋದನ್ನೂ ನೋಡಿದೆ. ಚೆನ್ನಾಗೇ ಇತ್ತು, ಆದರೆ ಬಿಟ್ಟೆ. ಬುಟ್ಟಿಯ ಅಂಚಿನ ಮೇಲಿಟ್ಟ ಯಾವ ವಸ್ತುವೂ ಕೆಳಗೆ ಬೀಳಬಹುದಾದ ವಸ್ತು. ಜತೆಗೆ ಬರ್ನರ್ ಹೊತ್ತಿದಾಗ ಬುಟ್ಟಿ ಸಣ್ಣಗೆ ನಡುಗುತ್ತೆ, ಆ ನಡುಕ ಅಂಚಿನಿಂದ ನೇರ ಕ್ಯಾಮೆರಾಗೆ ಬರುತ್ತೆ. ಮೈಗೆ ಆನಿಸಿ ಹಿಡಿದರೆ ಮಧ್ಯೆ ನಮ್ಮ ಮೈಯೇ ಮೆತ್ತೆ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡುತ್ತಾ ಕ್ಲಿಕ್ಕಿಸಬೇಕು.

ಕಪಡೋಕಿಯಾದಲ್ಲಿ ಬಲೂನು ಹಾರಬೇಕೋ ಬೇಡವೋ ಅಂತ ದಿನಾ ಹೇಳೋದು ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆ. ಮೊದಲ ದಿನ ಗಾಳಿ ಜೋರು, ರದ್ದು. ಎರಡನೇ ದಿನವೂ ರದ್ದು. ಆ ಎರಡು ದಿನ ಗೊರೆಮೆ ಊರಿನ ಸುತ್ತ ನಡೆದಾಡಿದೆವು. ಲಕ್ಷಾಂತರ ವರ್ಷಗಳ ಹಿಂದೆ ಸುತ್ತಲಿನ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಮೆತ್ತನೆ ಕಲ್ಲಾಗಿ, ಮಳೆ ಗಾಳಿಗೆ ಸವೆದು ಅಣಬೆ ಥರ, ಗೋಪುರದ ಥರ ನಿಂತಿದೆ. ಮೆತ್ತಗಿರೋದರಿಂದಲೇ ಜನ ಅದರೊಳಗೆ ಮನೆ, ಚರ್ಚು ಕೊರೆದುಕೊಂಡರು. 1985ರಿಂದ ಇದು ವಿಶ್ವ ಪರಂಪರೆಯ ತಾಣ. “ಹಂಪಿ ಥರಾನೇ ಇದೆ” ಅಂದ ಅಮ್ಮ, ಗೋಡೆ ಮುಟ್ಟಿ ನೋಡಿ ಮಾತು ಬದಲಾಯಿಸಿದರು: “ಇಲ್ಲ, ಹಂಪಿ ಕಲ್ಲಿಗೆ ಉಗುರು ತಾಗಲ್ಲ. ಇದು ಬತ್ತಾಸು.”

ಬಂಡೆಗಳ ಮೇಲ್ಭಾಗದಲ್ಲಿ ಸಾಲು ಸಾಲು ಚಿಕ್ಕ ತೂತುಗಳಿದ್ದವು. ಪಾರಿವಾಳಕ್ಕೆ ಅಂತ ಕೊರೆದ ಗೂಡುಗಳು. ಹಿಕ್ಕೆಯನ್ನು ಕೂಡಿಸಿ ದ್ರಾಕ್ಷಿ ತೋಟಕ್ಕೆ ಗೊಬ್ಬರ ಹಾಕುತ್ತಿದ್ದರಂತೆ. ಅಮ್ಮನಿಗೆ ಚರ್ಚುಗಳಿಗಿಂತ ಇದು ಹಿಡಿಸಿತು. ಕೆಳಗಿಂದ ಕತ್ತೆತ್ತಿ ನೋಡಿ, “ಮೇಲಿಂದ ಇದು ಹೇಗೆ ಕಾಣುತ್ತೋ” ಅಂದರು.

ಮೂರನೇ ದಿನ ಹಸಿರು ನಿಶಾನೆ ಸಿಕ್ಕಿತು. ಕತ್ತಲಲ್ಲೇ ಬಯಲಿಗೆ ಕರೆದೊಯ್ದರು. ನೆಲದ ಮೇಲೆ ಮಲಗಿದ್ದ ಬಟ್ಟೆಗೆ ಫ್ಯಾನಿನಿಂದ ಗಾಳಿ ತುಂಬಿ, ಆಮೇಲೆ ಬರ್ನರ್ ಹೊತ್ತಿಸುತ್ತಾರೆ. ಹೊತ್ತಿದಾಗ ಇಡೀ ಬಲೂನು ಎರಡು ಮೂರು ಸೆಕೆಂಡು ಬಲ್ಬಿನ ಥರ ಉರಿದು ಆರುತ್ತೆ. ಇಲ್ಲಿ ಬೆಂಕಿ ಕಂಡ ಮೇಲೆ ಫೋಕಸ್ ಹುಡುಕೋಕೆ ಹೋದರೆ ಕತ್ತಲೆ ಸಿಗುತ್ತೆ. ಮೊದಲ ಉರಿಯಲ್ಲಿ ಫೋಕಸ್ ಮಾಡಿ ಲಾಕ್ ಮಾಡೋದು, ಮುಂದಿನ ಉರಿಗೆ ಬೆರಳು ಒತ್ತಿ ಹಿಡಿದು ಸಾಲಾಗಿ ತೆಗೆಯೋದು. ಮೊಬೈಲಿನಲ್ಲೂ ಇದು ಆಗುತ್ತೆ: ಪರದೆ ಮೇಲೆ ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಲಾಕ್. ಚಳಿಗೆ ಬ್ಯಾಟರಿ ಬೇಗ ಸೋಲುತ್ತೆ, ಹಾಗಾಗಿ ಇನ್ನೊಂದು ಬ್ಯಾಟರಿ ಸ್ವೆಟರಿನ ಒಳಗೆ ಬೆಚ್ಚಗಿತ್ತು.

ಲಾಡಿ ತೋರಿಸಿ ಪೈಲಟ್‌ನ ಕೇಳಿದೆ. ಅವರು ನಕ್ಕು, ಬೋಲ್ಟ್ ಜಗ್ಗಿ ನೋಡಿ, ಎರಡು ಷರತ್ತು ಹಾಕಿದರು. ಅಂಚಿನಾಚೆ ಏನೂ ಹೋಗಬಾರದು, ಇಳಿಯೋ ಮುಂಚೆ ಎಲ್ಲ ಬ್ಯಾಗಿನೊಳಗೆ. ಕ್ಯಾಮೆರಾ ಪಟ್ಟಿ ಕೊರಳಿಗೂ ಹೆಗಲಿಗೂ ಅಡ್ಡ ಹಾಕಿಕೊಂಡೆ.

ನೆಲ ಬಿಟ್ಟದ್ದು ಗೊತ್ತೇ ಆಗಲ್ಲ. ಲಿಫ್ಟಿನಷ್ಟೂ ಜರ್ಕ್ ಇಲ್ಲ. ಗಾಳಿ ಜತೆಗೇ ಹೋಗೋದರಿಂದ ಮುಖಕ್ಕೆ ಗಾಳಿ ಬಡಿಯೋದೂ ಇಲ್ಲ. ಬರ್ನರ್ ನಿಂತಾಗ ಕೆಳಗೆ ನಾಯಿ ಬೊಗಳೋದು ಕೇಳಿಸುತ್ತೆ. ಆ ನಿಶ್ಶಬ್ದವೇ ನನ್ನ ಶಟರ್ ಟೈಮು. ಉರಿ, ನಡುಕ, ನಿಲ್ಲು, ಒಂದು ಎರಡು ಎಣಿಸು, ಮೂರು ಫೋಟೋ ಒಟ್ಟಿಗೆ. ಬೆರಳು ಒತ್ತುವಾಗಿನ ಅಲುಗಾಟ ಮೊದಲನೆಯದಕ್ಕೆ, ಬಿಡುವಾಗಿನದು ಕೊನೆಯದಕ್ಕೆ. ಮಧ್ಯದ್ದೇ ಹೆಚ್ಚಿನ ಸಲ ಚೂಪಾಗಿರೋದು.

ಟೆರೇಸಿನಲ್ಲಿ ಹೊಳೆಯದೆ ಮೇಲೆ ಹೋದ ಮೇಲೆ ಸಿಕ್ಕ ಒಂದು ವಿಷಯ ಇದೆ. ಸುತ್ತ ಹಾರುತ್ತಿರುವ ಬೇರೆ ಬಲೂನುಗಳೂ ಅದೇ ಗಾಳಿಯಲ್ಲಿರುತ್ತವೆ. ಒಂದೇ ಎತ್ತರದಲ್ಲಿದ್ದರೆ ಅವು ನಮ್ಮ ಪಾಲಿಗೆ ಹೆಚ್ಚುಕಮ್ಮಿ ನಿಂತಿವೆ, ಒಂದೇ ಬಸ್ಸಿನಲ್ಲಿ ಪಕ್ಕದ ಸೀಟಿನವರು ನಿಂತಿರೋ ಹಾಗೆ. ಆದ್ದರಿಂದ ಸೂರ್ಯ ಹುಟ್ಟುವ ಮುಂಚಿನ ಮಂಕು ಬೆಳಕಿನಲ್ಲೂ 1/30ರಲ್ಲಿ, ಲಾಡಿ ಬಿಗಿಹಿಡಿದು, ಐಎಸ್‌ಒ ಆಕಾಶಕ್ಕೇರಿಸದೆ ಅವನ್ನು ತೆಗೆಯಬಹುದು. ಓಡುತ್ತಿರೋದು ನೆಲ ಮಾತ್ರ. ಗಂಟೆಗೆ 10 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. 1/125 ಸೆಕೆಂಡಿನಲ್ಲಿ ನೆಲ ಸರಿಯೋದು ಎರಡು ಸೆಂಟಿಮೀಟರ್ ಚಿಲ್ಲರೆ. 200 ಮೀಟರ್ ಮೇಲಿಂದ ಅದು ಕಣ್ಣಿಗೆ ಬೀಳಲ್ಲ. 20 ಮೀಟರಿಗೆ ಇಳಿದರೆ ಅದೇ ಎರಡು ಸೆಂಟಿಮೀಟರ್ ಚೆನ್ನಾಗಿಯೇ ಕಾಣುತ್ತೆ, ಆಗ 1/1000 ಬೇಕು. ಬಸ್ಸಿನ ಕಿಟಕಿಯಲ್ಲಿ ಬೇಲಿ ಓಡುತ್ತೆ, ಬೆಟ್ಟ ನಿಂತಿರುತ್ತೆ, ಅದೇ ಲೆಕ್ಕ. ಮೇಲಿದ್ದಾಗ ನಿಧಾನ, ಕೆಳಗಿಳಿದರೆ ಚುರುಕು ಅಂತ ನೆನಪಿಟ್ಟುಕೊಂಡರೆ ಸಾಕು.

ಜಾಗಕ್ಕೆ ಗುದ್ದಾಡೋದೂ ಬೇಕಾಗಿಲ್ಲ. ಪೈಲಟ್ ಬಲೂನಿನ ಪಕ್ಕದ ಕಿಂಡಿಗಳಿಂದ ಗಾಳಿ ಬಿಟ್ಟು ಬುಟ್ಟಿಯನ್ನು ಆಗಾಗ ತಿರುಗಿಸುತ್ತಾರೆ. ಮೂಡಣ ತಾನಾಗೇ ನಿಮ್ಮ ಮುಂದೆ ಬರುತ್ತೆ. ಟೈಲ್ ಮೇಲೆ ನಿಂತ ಅಭ್ಯಾಸ ಇಲ್ಲಿ ಕೈಹಿಡಿಯಿತು.

ಸೂರ್ಯ ಗುಡ್ಡದ ಅಂಚಿಗೆ ಬಂತು. ಇಡೀ ಟ್ರಿಪ್ಪಿನ ದುಡ್ಡು ವಸೂಲಾಗೋ ಐದು ನಿಮಿಷ ಅಂದರೆ ಇದು. ಬಲೂನುಗಳ ಒಂದು ಕೆನ್ನೆ ಕೇಸರಿ, ಇನ್ನೊಂದು ಕೆನ್ನೆ ನೀಲಿ, ಕೆಳಗೆ ಕಲ್ಲುಗಳ ನೆರಳು ಉದ್ದಕ್ಕೆ ಚಾಚಿಕೊಂಡಿದೆ. ಇಷ್ಟು ಉದ್ದದ ನೆರಳು ಇರೋದು ಸ್ವಲ್ಪ ಹೊತ್ತು. ಅದೇ ಹೊತ್ತಿಗೆ ಪೈಲಟ್ ಬಲೂನನ್ನು ಕಣಿವೆಯೊಳಕ್ಕೆ ಇಳಿಸತೊಡಗಿದರು. ಪಕ್ಕದಲ್ಲಿ ಅಮ್ಮ, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ, “ಕೆಳಗಡೆ ನಂಗೆ ಕಾಣ್ತಿಲ್ಲ ಕಣೇ” ಅಂದರು.

ಬುಟ್ಟಿಯ ಅಂಚು ಅಮ್ಮನ ಎದೆಗಿಂತ ಮೇಲೆ, ಅಂಚಿಗೆ ದಪ್ಪ ಮೆತ್ತೆ. ದೂರದ ಗುಡ್ಡ ಕಾಣುತ್ತೆ, ನೇರ ಕೆಳಗೆ ಏನೂ ಕಾಣಲ್ಲ. ಎತ್ತಿ ಹಿಡಿಯೋ ಹಾಗಿಲ್ಲ, ಬ್ಯಾಗಿನ ಮೇಲೆ ನಿಲ್ಲಿಸೋ ಹಾಗಿಲ್ಲ. ಪಾರಿವಾಳದ ಗೂಡುಗಳ ಕಣಿವೆ ಕಾಲ ಕೆಳಗೇ ಬರುತ್ತಿದೆ.

ಆಗ ನೆನಪಾಗಿದ್ದು ನಾವು ಹತ್ತಿ ಬಂದ ದಾರಿ. ಬುಟ್ಟಿಗೆ ಬಾಗಿಲಿರಲ್ಲ. ಹೊರಗಿನಿಂದ ಕಾಲಿಟ್ಟು ಹತ್ತೋಕೆ ಹೆಣಿಗೆಯಲ್ಲೇ ತೂತುಗಳನ್ನು ಬಿಟ್ಟಿರ್ತಾರೆ, ಆರಪಾರ. ನಮ್ಮ ಖಾನೆಯಲ್ಲೂ ಗೇಣಗಲದ್ದೊಂದಿತ್ತು, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಪಾದದಿಂದ ಲಾಡಿ ಬಿಚ್ಚಿ, ಅಮ್ಮನ ಕೈ ಹಿಡಿದು ಕೂರಿಸಿದೆ. ಲ್ಯಾಂಡಿಂಗಿಗೆ ಹೇಗೆ ಕೂರಬೇಕು ಅಂತ ಪೈಲಟ್ ಹೇಳಿಕೊಟ್ಟಿದ್ದರಲ್ಲ, ಅದೇ ಭಂಗಿ. ಅಮ್ಮ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ತೂತಿನ ಹತ್ತಿರ ತಂದರು.

“ಅಯ್ಯೋ” ಅಂದರು. ಆಮೇಲೆ ಸುಮಾರು ಹೊತ್ತು ಮಾತಿಲ್ಲ.

ಮೇಲೆ ನಿಂತವರ ಕಾಲುಗಳ ಮಧ್ಯೆ ನಾನೂ ಕೂತೆ. ಆ ಬೆಳಗಿನ ಬಲೂನುಗಳ ಚಿತ್ರವನ್ನು ಸುತ್ತ ನೂರಾರು ಜನ ತೆಗೆಯುತ್ತಿದ್ದರು, ನನ್ನದೊಂದು ಕಡಿಮೆಯಾದರೆ ನಷ್ಟವಿಲ್ಲ. ಬುಟ್ಟಿಯ ತಳ ಕತ್ತಲು. ತೂತಿನಿಂದ ಬರುವ ಬೆಳಕು ಅಮ್ಮನ ಬಲಗೆನ್ನೆಯ ಮೇಲೆ ರೊಟ್ಟಿಯಗಲ ಬಿದ್ದಿತ್ತು. ಐಎಸ್‌ಒ 1600, ಎಫ್ 4, 1/125. ಕ್ಯಾಮೆರಾ ತಾನೇ ಅಳೆದರೆ ಕತ್ತಲನ್ನು ಬೆಳಗಿಸೋಕೆ ಹೋಗಿ ಕೆನ್ನೆಯನ್ನು ಸುಣ್ಣ ಮಾಡುತ್ತೆ, ಅದಕ್ಕೇ ಕೈಯಾರೆ ಇಟ್ಟೆ. “ಸರಿ, ನೀನೂ ನೋಡು” ಅಂತ ಅಮ್ಮ ಪಕ್ಕಕ್ಕೆ ಸರಿದಾಗ ಲೆನ್ಸನ್ನು ತೂತಿನ ಸಮಕ್ಕೆ ತಂದೆ, ಆಚೆಗೆ ಚಾಚದೆ. ನೆಲ ಹತ್ತಿರ, ಹಾಗಾಗಿ 1/1000. ಫೋಕಸ್ ಬೆತ್ತದ ಮೇಲೆ ಕೂರದ ಹಾಗೆ ಕೆಳಗಿನ ಬಂಡೆಗೆ ಲಾಕ್. ಸುತ್ತ ಹೆಣಿಗೆಯ ಮಬ್ಬು ಉಂಗುರ, ಮಧ್ಯೆ ಬಂಡೆ, ಬಂಡೆಯಲ್ಲಿ ಸಾಲು ಗೂಡು, ಒಂದು ಗೂಡಿನಿಂದ ಹಾರಿದ ಎರಡು ಪಾರಿವಾಳ. ಮೂರು ಫೋಟೋ ತೆಗೆಯುವಷ್ಟರಲ್ಲಿ ಬರ್ನರ್ ಗರ್ಜಿಸಿತು, ಕಣಿವೆ ಕೆಳಗೆ ಹೋಯಿತು.

ಬಲೂನಿನಿಂದ ತೆಗೆದ ಫೋಟೋ ಅಂದರೆ ಎಲ್ಲವೂ ಕಾಣೋ ದೊಡ್ಡ ಚಿತ್ರ ಅಂತ ನಾನೂ ಅಂದುಕೊಂಡೇ ಹೋಗಿದ್ದೆ. ಆದರೆ ಆ ಗಂಟೆಯುದ್ದಕ್ಕೂ ಆದದ್ದೆಲ್ಲ ಬಿಡೋ ಕೆಲಸ. ಟ್ರೈಪಾಡ್ ಬಿಟ್ಟೆ, ಲೆನ್ಸುಗಳನ್ನು ಬಿಟ್ಟೆ, ಜಾಗ ಆರಿಸೋದು ಬಿಟ್ಟೆ, ಕೊನೆಗೆ ನಿಂತು ನೋಡೋದನ್ನೂ ಬಿಟ್ಟೆ. ಇಂಪ್ರೊವೈಸ್ ಅಂದರೆ ಆಫೀಸಿನಲ್ಲಿ ಏನೋ ಹೊಸದು ಸೇರಿಸೋದು ಅಂತ ಅರ್ಥ. ಬುಟ್ಟಿಯಲ್ಲಿ ಅದರ ಅರ್ಥ, ಇಲ್ಲದ್ದನ್ನೆಲ್ಲ ಕಳೆದ ಮೇಲೆ ಕೈಯಲ್ಲಿ ಏನು ಉಳಿದಿದೆ ಅಂತ ನೋಡೋದು. ಒಂದು ಲಾಡಿ, ಒಂದು ಬೋಲ್ಟು, ಒಂದು ತೂತು, ಅಮ್ಮನ ಒಂದು ಕಣ್ಣು.

ಒಟ್ಟು 412 ಫೋಟೋ. ಊರಿಗೆ ಬಂದು ಆರಿಸಿ ಇಟ್ಟುಕೊಂಡಿದ್ದು ಒಂಬತ್ತು. ಅಮ್ಮನ ಕೆನ್ನೆಯ ಮೇಲಿನ ಬೆಳಕು ಅದರಲ್ಲಿ ನನಗೆ ಅತಿ ಇಷ್ಟದ್ದು. ಅಮ್ಮನಿಗೆ ಅದು ಇಷ್ಟವಿಲ್ಲ: “ತಲೆ ಕೆದರಿದೆ, ಅದನ್ನ ಯಾರಿಗೂ ಕಳಿಸ್ಬೇಡ.” ಫ್ಯಾಮಿಲಿ ಗ್ರೂಪಿಗೆ ಹಾಕೋಕೆ ಸೂರ್ಯೋದಯದ ಬಲೂನುಗಳನ್ನೂ ಆರಿಸಲಿಲ್ಲ. ತೂತಿನಿಂದ ತೆಗೆದ ಗೂಡುಗಳ ಫೋಟೋ ಒಂದನ್ನೇ ಹಾಕಿದರು.

ಐದು ನಿಮಿಷಕ್ಕೆ ಶಿವಮೊಗ್ಗದ ದೊಡ್ಡಮ್ಮನ ಮೆಸೇಜು ಬಂತು: “ಬಲೂನಲ್ಲಿ ಹೋಗಿದ್ವಿ ಅಂದ್ಯಲ್ಲೇ, ಇದ್ಯಾವುದೇ ಬುಟ್ಟಿ?”

ಅಮ್ಮ ಕನ್ನಡಕ ಹಣೆಗೇರಿಸಿ, ಎಡಗಣ್ಣು ಮುಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯೋಕೆ ಕೂತರು.